ತಾತನ ಟ್ರಂಕಿನಲ್ಲಿ ಸಿಕ್ಕ ಅಮೆರಿಕದ ಪ್ಯಾಚ್

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಈಚೆಗೆ ಹಳೆ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಒಂದು ಬಟ್ಟೆಯ ಪ್ಯಾಚ್ ಸಿಕ್ಕಿತು. ಗುರಾಣಿಯ ಆಕಾರ. ಕೆಳಗೆ ಕೆಂಪು ಬಿಳಿ ಉದ್ದ ಪಟ್ಟೆಗಳು, ಮೇಲೆ ನೀಲಿ. ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ಜೊತೆಗೆ ಎಲೆಯ ಆಕಾರದ, ಬೆಳ್ಳಿ ಬಣ್ಣದ ಚಿಕ್ಕ ಬಿಲ್ಲೆ. "ಅಮೆರಿಕದ ಜನರಲ್ ಒಬ್ಬರು ತಾತನ ಕೆಲಸ ಮೆಚ್ಚಿ ಕೊಟ್ಟದ್ದು" ಎಂದು ಅಜ್ಜಿ ಹೇಳುತ್ತಿದ್ದರು. ಇದು ಯಾವ ಪಡೆಯದ್ದು? ಅದರ ಕಮಾಂಡರ್ ಯಾರು? ಕೊಟ್ಟವರ ಹೆಸರು ಪತ್ತೆ ಮಾಡಬಹುದೇ?

ಉತ್ತರ: ಮೊದಲು ಒಂದು ಮಾತು. ಪ್ಯಾಚನ್ನು ಇನ್ನೂ ತೊಳೆದಿಲ್ಲ ತಾನೇ? ತೊಳೆಯಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ನಿಮ್ಮ ವರ್ಣನೆ ಓದುತ್ತಿದ್ದಂತೆ ಅದು ಯಾವುದೆಂದು ಗೊತ್ತಾಯಿತು. ಅದು ಸಿಬಿಐ ಪ್ಯಾಚ್. ಸಿಬಿಐ ಅಂದರೆ ಈಗ ನಮಗೆ ತನಿಖಾ ಸಂಸ್ಥೆ ನೆನಪಾಗುತ್ತದೆ, ಅಲ್ವಾ? 1940ರ ದಶಕದಲ್ಲಿ ಅಮೆರಿಕದ ಸೈನಿಕರಿಗೆ ಅದು ಚೀನಾ, ಬರ್ಮಾ, ಇಂಡಿಯಾ ಮೂರನ್ನೂ ಸೇರಿಸಿದ ಒಂದು ಯುದ್ಧರಂಗದ ಹೆಸರು. ಪ್ಯಾಚಿನ ಕೆಂಪು ಬಿಳಿ ಪಟ್ಟೆ ಅಮೆರಿಕದ ಬಾವುಟದ್ದು. ಸೂರ್ಯ ಆಗಿನ ಚೀನಾ ಸರ್ಕಾರದ್ದು. ಎಣಿಸಿ ನೋಡಿ, ಹನ್ನೆರಡು ಕಿರಣ ಇರಬೇಕು. ಇದೇ ಸೂರ್ಯ ಇವತ್ತೂ ತೈವಾನಿನ ಬಾವುಟದಲ್ಲಿದೆ. ಪಕ್ಕದ ನಕ್ಷತ್ರ ನಮ್ಮದು. ಬ್ರಿಟಿಷರು 1861ರಲ್ಲಿ ಶುರು ಮಾಡಿದ 'ಸ್ಟಾರ್ ಆಫ್ ಇಂಡಿಯಾ' ಪದವಿಯಲ್ಲಿ ಐದು ಮೂಲೆಯ ನಕ್ಷತ್ರವಿತ್ತು. ಅದೇ ಇಲ್ಲಿ ಭಾರತದ ಗುರುತಾಗಿ ಬಂದಿದೆ.

ಅಂದರೆ ಈ ಪ್ಯಾಚ್ ಒಂದು ರೆಜಿಮೆಂಟಿನದ್ದೂ ಅಲ್ಲ, ಒಂದು ಡಿವಿಷನ್ನಿನದ್ದೂ ಅಲ್ಲ. ಇಡೀ ಯುದ್ಧರಂಗದ್ದು. ಅಸ್ಸಾಮಿನಲ್ಲಿ ಲಾರಿ ಓಡಿಸುತ್ತಿದ್ದವನ ತೋಳಿನ ಮೇಲೂ ಇದೇ. ಕಲ್ಕತ್ತಾದ ಬಂದರಿನಲ್ಲಿ ಸಾಮಾನು ಇಳಿಸುತ್ತಿದ್ದವನಿಗೂ, ಮಿಲಿಟರಿ ಆಸ್ಪತ್ರೆಯ ನರ್ಸಿಗೂ, ದೆಹಲಿಯ ಕಚೇರಿಯಲ್ಲಿದ್ದ ಜನರಲ್‌ಗೂ ಇದೇ. ಈ ರಂಗದಲ್ಲಿ ಕೆಲಸ ಮಾಡಿದ ಅಮೆರಿಕನ್ನರು ಎರಡು ಲಕ್ಷಕ್ಕೂ ಹೆಚ್ಚು. ಹಾಗಾಗಿ ಇದರಿಂದ ಯುದ್ಧರಂಗ ಗೊತ್ತಾಗುತ್ತದೆ, ಆಳು ಗೊತ್ತಾಗುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮನೆಯಲ್ಲಿ ಹಳೆ ಪ್ಯಾಚ್ ಸಿಕ್ಕವರೆಲ್ಲ ಮೊದಲು ಕೇಳುವುದು "ಇದು ಯಾವ ಕಮಾಂಡರ್‌ದು?" ಎಂದು. ತೋಳಿನ ಪ್ಯಾಚಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಅಡುಗೆಯವನೂ ಜನರಲ್ಲೂ ಒಂದೇ ಪ್ಯಾಚ್ ಹಾಕುತ್ತಾರೆ. ಅದರ ಬಗ್ಗೆ ನನಗೆ ಇಷ್ಟು ಪ್ರೀತಿ ಹುಟ್ಟಿದ್ದೇ ಇದರಿಂದ. ಯಾರ ಸ್ಥಾನ ಏನು ಎಂದು ಹೇಳುವುದು ಬೇರೆ ಗುರುತು. ಅದು ಕಾಲರ್ ಅಥವಾ ಹೆಗಲ ಪಟ್ಟಿಯ ಮೇಲಿನ ಲೋಹದ ಬಿಲ್ಲೆ. ಅದೃಷ್ಟಕ್ಕೆ ನಿಮ್ಮ ಹತ್ತಿರ ಅದೂ ಒಂದು ಇದೆ.

ನಿಮ್ಮ ಎಲೆ ಓಕ್ ಮರದ ಎಲೆ. ಅಮೆರಿಕದ ಸೇನೆಯಲ್ಲಿ ಚಿನ್ನದ ಬಣ್ಣದ ಓಕ್ ಎಲೆ ಮೇಜರ್‌ಗೆ, ಬೆಳ್ಳಿ ಬಣ್ಣದ್ದು ಲೆಫ್ಟಿನೆಂಟ್ ಕರ್ನಲ್‌ಗೆ. ಹೌದು, ಬೆಳ್ಳಿ ಮೇಲೆ, ಚಿನ್ನ ಕೆಳಗೆ. ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ. ಲೆಫ್ಟಿನೆಂಟರ ವಿಷಯದಲ್ಲೂ ಹೀಗೇ. ಫಸ್ಟ್ ಲೆಫ್ಟಿನೆಂಟಿಗೆ ಬೆಳ್ಳಿಯ ಪಟ್ಟಿ, ಅವನಿಗಿಂತ ಕೆಳಗಿನ ಸೆಕೆಂಡ್ ಲೆಫ್ಟಿನೆಂಟಿಗೆ ಚಿನ್ನದ ಪಟ್ಟಿ. ಅದಕ್ಕೊಂದು ಸರಳ ಕಾರಣ ಇದೆ. 1917ರವರೆಗೆ ಸೆಕೆಂಡ್ ಲೆಫ್ಟಿನೆಂಟಿಗೆ ಪಟ್ಟಿಯೇ ಇರಲಿಲ್ಲ. ಕೊಡಬೇಕೆಂದು ತೀರ್ಮಾನಿಸುವಷ್ಟರಲ್ಲಿ ಮೇಲಿನವರು ಬೆಳ್ಳಿ ಹಾಕಿಕೊಂಡಾಗಿತ್ತು. ಎಲ್ಲರದ್ದನ್ನೂ ಬದಲಿಸುವುದು ಯಾಕೆಂದು ಹೊಸಬರಿಗೆ ಚಿನ್ನದ ಬಣ್ಣ ಕೊಟ್ಟರು.

ಮಿಕ್ಕದ್ದು ಬೇಗ ಹೇಳಿಬಿಡುತ್ತೇನೆ. ಕ್ಯಾಪ್ಟನ್‌ಗೆ ಎರಡು ಬೆಳ್ಳಿ ಪಟ್ಟಿ. ಪೂರ್ಣ ಕರ್ನಲ್‌ಗೆ ರೆಕ್ಕೆ ಬಿಚ್ಚಿದ ಬೆಳ್ಳಿ ಹದ್ದು. ಅಲ್ಲಿಂದ ಮೇಲೆ ಬರೀ ನಕ್ಷತ್ರಗಳು. ಒಂದಿದ್ದರೆ ಬ್ರಿಗೇಡಿಯರ್ ಜನರಲ್, ಎರಡಿದ್ದರೆ ಮೇಜರ್ ಜನರಲ್, ಮೂರಿದ್ದರೆ ಲೆಫ್ಟಿನೆಂಟ್ ಜನರಲ್, ನಾಲ್ಕಿದ್ದರೆ ಜನರಲ್. ನಮ್ಮ ಸೇನೆಯ ಲೆಕ್ಕವನ್ನು ಇದರ ಜೊತೆ ಬೆರೆಸಬೇಡಿ. ನಮ್ಮಲ್ಲಿ ಲೆಫ್ಟಿನೆಂಟಿನ ಹೆಗಲ ಮೇಲೂ ಎರಡು ನಕ್ಷತ್ರ ಇರುತ್ತವೆ. ಅಮೆರಿಕದಲ್ಲಿ ಎರಡು ನಕ್ಷತ್ರ ಇದ್ದರೆ ಅವನ ಕೈಕೆಳಗೆ ಒಂದು ಡಿವಿಷನ್ ಇರಬಹುದು. ಆಗಿನ ಕಾಲಾಳು ಡಿವಿಷನ್ ಅಂದರೆ ಸುಮಾರು 14,000 ಜನ.

ಹಾಗಾದರೆ ನಿಮ್ಮ ಬಿಲ್ಲೆ ಜನರಲ್‌ದಲ್ಲ, ಲೆಫ್ಟಿನೆಂಟ್ ಕರ್ನಲ್‌ದು. ಅಜ್ಜಿ ಹೇಳಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ಫಿಟ್ಟರ್ ಒಬ್ಬರಿಗೆ ಲೆಫ್ಟಿನೆಂಟ್ ಕರ್ನಲ್ ಅಂದರೆ ಬಹಳ ದೊಡ್ಡ ಸಾಹೇಬರೇ. ಮನೆಗೆ ಬಂದು ಹೇಳುವಾಗ "ದೊಡ್ಡ ಸಾಹೇಬರು ಕೊಟ್ಟರು" ಎಂದಿರುತ್ತಾರೆ. ಹೇಳ್ತಾ ಹೇಳ್ತಾ ಅದು ಜನರಲ್ ಆಗಿರಬಹುದು. ಬೆಂಗಳೂರಿನಲ್ಲಿ ಅಂಥ ಅಧಿಕಾರಿಗಳಿದ್ದದ್ದು ನಿಜ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. ಯುದ್ಧ ಭಾರತದ ಬಾಗಿಲಿಗೆ ಬಂದಾಗ, 1942ರಲ್ಲಿ, ಕಂಪನಿ ಸರ್ಕಾರದ ಕೈಗೆ ಹೋಯಿತು. 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆ ಅದನ್ನು ನಡೆಸಲು ತೆಗೆದುಕೊಂಡಿತು. ಕಾರ್ಖಾನೆ 84ನೇ ಏರ್ ಡಿಪೋ ಆಯಿತು. ಬರ್ಮಾ ಕಡೆ, ಚೀನಾ ಕಡೆ ಹಾರುತ್ತಿದ್ದ ವಿಮಾನಗಳು ರಿಪೇರಿಗೆ, ಓವರ್‌ಹಾಲಿಗೆ ಇಲ್ಲಿಗೆ ಬರುತ್ತಿದ್ದವು. ಅಮೆರಿಕನ್ನರ ಪಕ್ಕದಲ್ಲೇ ನಿಂತು ಸಾವಿರಾರು ಸ್ಥಳೀಯರು ಕೆಲಸ ಮಾಡಿದರು, ಕಲಿತರು. ನಿಮ್ಮ ತಾತ ಅವರಲ್ಲಿ ಒಬ್ಬರು.

ಹೀಗಾಗಿ ಪ್ಯಾಚೂ ಎಲೆಯೂ ಒಬ್ಬರದ್ದೇ ಆಗಿದ್ದರೆ, ಕೊಟ್ಟವರು 84ನೇ ಡಿಪೋದ ಒಬ್ಬ ಲೆಫ್ಟಿನೆಂಟ್ ಕರ್ನಲ್ ಆಗಿರುವ ಸಾಧ್ಯತೆ ಚೆನ್ನಾಗಿದೆ. 'ಆಗಿದ್ದರೆ' ಎಂಬ ಮಾತು ಮುಖ್ಯ. ಪ್ಯಾಚ್ ಒಬ್ಬರಿಂದ, ಬಿಲ್ಲೆ ಇನ್ನೊಬ್ಬರಿಂದ ಬಂದಿರಲೂಬಹುದು. ಊರಿಗೆ ಹೊರಟ ಅಮೆರಿಕನ್ನರು ಇಂಥ ಚಿಕ್ಕ ವಸ್ತುಗಳನ್ನು ನೆನಪಿಗೆಂದು ಧಾರಾಳವಾಗಿ ಕೊಟ್ಟು ಹೋದರು.

ಇನ್ನು ಕಮಾಂಡರ್ ಪ್ರಶ್ನೆ. ಇಡೀ ಸಿಬಿಐ ರಂಗದ ಅಮೆರಿಕನ್ ಪಡೆಗಳಿಗೆ ಮುಖ್ಯಸ್ಥರಾಗಿದ್ದವರು ಜನರಲ್ ಜೋಸೆಫ್ ಸ್ಟಿಲ್ವೆಲ್. ಚೀನೀ ಭಾಷೆ ಬಲ್ಲವರು. ಮಾತು ಬಹಳ ಖಾರ. ಅದಕ್ಕೇ ಸೈನಿಕರು 'ವಿನೆಗರ್ ಜೋ' ಎಂದು ಕರೆದರು. 1942ರ ಮೇ ತಿಂಗಳಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಇವರು ಕಾಡಿನಲ್ಲಿ ನಡೆದೇ ಭಾರತಕ್ಕೆ ಬಂದರು. ಜೊತೆಯಲ್ಲಿ ನೂರಕ್ಕೂ ಹೆಚ್ಚು ಜನ. ಅದರಲ್ಲಿ ಬರ್ಮಾದ ನರ್ಸುಗಳೂ ಇದ್ದರು. ಸ್ಟಿಲ್ವೆಲ್‌ಗೆ ಆಗ 59 ವರ್ಷ. ಎಲ್ಲರ ಮುಂದೆ ತಾವೇ ನಡೆದರು, ನಿಮಿಷಕ್ಕೆ 105 ಹೆಜ್ಜೆ. ಮೇ 20ಕ್ಕೆ ಇಂಫಾಲ ಸೇರಿದರು. ಹೊರಟವರಲ್ಲಿ ಒಬ್ಬರೂ ದಾರಿಯಲ್ಲಿ ಸಾಯಲಿಲ್ಲ. ಆಮೇಲೆ ಪತ್ರಕರ್ತರ ಮುಂದೆ, ನಾವು ಚೆನ್ನಾಗಿ ಏಟು ತಿಂದಿದ್ದೇವೆ, ಅವಮಾನ ಆಗಿದೆ ಎಂದು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು.

1944ರ ಅಕ್ಟೋಬರಿನಲ್ಲಿ ಸ್ಟಿಲ್ವೆಲ್‌ರನ್ನು ಅಮೆರಿಕ ವಾಪಸ್ ಕರೆಸಿಕೊಂಡಿತು. ಚೀನಾದ ನಾಯಕ ಚಿಯಾಂಗ್ ಕೈ ಶೇಕ್ ಜೊತೆ ಅವರಿಗೆ ಒಂದು ದಿನವೂ ಸರಿಹೋಗಿರಲಿಲ್ಲ. ಅಲ್ಲಿಗೆ ಸಿಬಿಐ ಎರಡಾಯಿತು. ಚೀನಾ ರಂಗ ಆಲ್ಬರ್ಟ್ ವೆಡೆಮೇಯರ್ ಕೈಗೆ, ಇಂಡಿಯಾ ಬರ್ಮಾ ರಂಗ ಡೇನಿಯಲ್ ಸುಲ್ತಾನ್ ಕೈಗೆ ಹೋಯಿತು. ಸುಲ್ತಾನ್ ಎಂಬ ಹೆಸರು ನೋಡಿ ನಮ್ಮವರೆಂದುಕೊಳ್ಳಬೇಡಿ, ಅವರು ಅಮೆರಿಕದ ಮಿಸಿಸಿಪಿಯವರು. ರಂಗ ಎರಡಾದರೂ ಸೈನಿಕರು ತೋಳಿನ ಮೇಲಿನ ಹಳೆ ಪ್ಯಾಚನ್ನೇ ಮುಂದುವರಿಸಿದರು. ಹಾಗಾಗಿ ಪ್ಯಾಚ್ ನೋಡಿ ಸ್ಟಿಲ್ವೆಲ್ ಕಾಲದ್ದೋ ಸುಲ್ತಾನ್ ಕಾಲದ್ದೋ ಹೇಳಲಾಗದು.

ಸಿಬಿಐ ರಂಗದಲ್ಲಿ ಇನ್ನೊಂದು ಪ್ಯಾಚ್ ಇತ್ತು. ಅದೇ ಸೂರ್ಯ, ಅದೇ ನಕ್ಷತ್ರ, ಆದರೆ ಹಿಂದೆ ಬೇರೆಯೇ ಕಥೆ. ನೀವು ಕೇಳಿಲ್ಲ, ಆದರೂ ಹೇಳದಿರಲು ಮನಸ್ಸಾಗುತ್ತಿಲ್ಲ.

1943ರ ಅಕ್ಟೋಬರ್ 31ರಂದು ಬೊಂಬಾಯಿ ಬಂದರಿನಲ್ಲಿ ಸುಮಾರು 3,000 ಅಮೆರಿಕನ್ ಸೈನಿಕರು ಇಳಿದರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಅಪಾಯದ ಕೆಲಸ ಎಂದಷ್ಟೇ ಅವರಿಗೆ ಹೇಳಿದ್ದರು. ದೇವಲಾಲಿಯಲ್ಲಿ, ಆಮೇಲೆ ಮಧ್ಯ ಭಾರತದ ದೇವಗಢದಲ್ಲಿ ತರಬೇತಿ ಆಯಿತು. ಪಡೆಗೆ ಕಾಗದದಲ್ಲಿ ಇದ್ದ ಹೆಸರು '5307ನೇ ಕಾಂಪೋಸಿಟ್ ಯೂನಿಟ್'. ಅದರ ಮುಂದೆ 'ತಾತ್ಕಾಲಿಕ' ಎಂಬ ಪದ. ಕಮಾಂಡರ್ ಬ್ರಿಗೇಡಿಯರ್ ಜನರಲ್ ಫ್ರಾಂಕ್ ಮೆರಿಲ್. ಪತ್ರಕರ್ತರು ಅವರ ಹೆಸರಿಗೆ ಪ್ರಾಸ ಸೇರಿಸಿ 'ಮೆರಿಲ್ಸ್ ಮರಾಡರ್ಸ್', ಅಂದರೆ ಮೆರಿಲ್‌ನ ದಾಳಿಕೋರರು, ಎಂದು ಬರೆದರು. ಅದೇ ನಿಂತಿತು.

ಈ ಪಡೆಯನ್ನು ಆರು ತುಕಡಿ ಮಾಡಿ ಬಣ್ಣದ ಹೆಸರಿಟ್ಟಿದ್ದರು. ಕೆಂಪು, ಬಿಳಿ, ನೀಲಿ, ಹಸಿರು, ಕಿತ್ತಳೆ, ಖಾಕಿ. ಅವರ ಗುರುತಿನಲ್ಲಿ ಗುರಾಣಿಯನ್ನು ನಾಲ್ಕು ಭಾಗ ಮಾಡಿ ನೀಲಿ ಹಸಿರು ತುಂಬಿದ್ದಾರೆ. ಒಂದರಲ್ಲಿ ಚೀನಾದ ಸೂರ್ಯ, ಇನ್ನೊಂದರಲ್ಲಿ ಬಿಳಿ ನಕ್ಷತ್ರ. ನಡುವೆ ಓರೆಯಾಗಿ ಇಳಿಯುವ ಕೆಂಪು ಸಿಡಿಲು. ನಿಮ್ಮ ಪ್ಯಾಚಿನಲ್ಲಿ ಆ ನಕ್ಷತ್ರ ಭಾರತದ್ದು. ಇಲ್ಲಿ ಅದೇ ನಕ್ಷತ್ರವನ್ನು ಬರ್ಮಾದ್ದು ಎಂದು ಓದುತ್ತಾರೆ. ಸಿಡಿಲು ಶತ್ರುವಿನ ಬೆನ್ನ ಹಿಂದೆ ಹೋಗಿ ಎರಗುವುದಕ್ಕೆ.

1944ರ ಫೆಬ್ರವರಿಯಲ್ಲಿ ಅವರು ಅಸ್ಸಾಮಿನ ಲೇಡೋ ಕಡೆಯಿಂದ ನಡೆದು ಬರ್ಮಾ ಹೊಕ್ಕರು. ಸಾಮಾನು ಹೊರಲು ಹೇಸರಗತ್ತೆ, ಕುದುರೆ. ಊಟ, ಮದ್ದುಗುಂಡು ವಿಮಾನದಿಂದ ಬೀಳಬೇಕು. ನ್ಪುಮ್ ಗಾ ಎಂಬ ಗುಡ್ಡದ ಹಳ್ಳಿಯಲ್ಲಿ ಒಂದು ಬೆಟಾಲಿಯನ್ ಜಪಾನೀಯರ ಮುತ್ತಿಗೆಗೆ ಸಿಕ್ಕಿತು. ಆ ಬೆಟಾಲಿಯನ್ನಿನಲ್ಲಿ ರಾಯ್ ಮಾಟ್ಸುಮೊಟೊ ಎಂಬ ಸೈನಿಕ ಇದ್ದರು. ಅಮೆರಿಕದಲ್ಲೇ ಹುಟ್ಟಿದ ಜಪಾನಿ ಮೂಲದವರು. ಯುದ್ಧ ಶುರುವಾದಾಗ ಅವರದೇ ದೇಶದ ಸರ್ಕಾರ, ಮುಖ ನೋಡಿ, ಅವರನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಅಲ್ಲಿಂದಲೇ ಅವರು ಸೇನೆಗೆ ಸೇರಿದ್ದರು. ಒಂದು ರಾತ್ರಿ ಅವರು ಕತ್ತಲಲ್ಲಿ ತೆವಳಿಕೊಂಡು ಜಪಾನೀಯರ ಸಾಲಿನ ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದರು. ಬೆಳಗ್ಗೆ ಎಲ್ಲಿ ದಾಳಿ ಎಂದು ತಿಳಿಯಿತು. ಅಮೆರಿಕನ್ನರು ಆ ಜಾಗದ ಕಂದಕ ಖಾಲಿ ಮಾಡಿ ಮೇಲೆ ಕಾದು ಕುಳಿತರು. ಮೊದಲ ಗುಂಪು ಬಂದು ಸಿಕ್ಕಿಬಿತ್ತು. ಹಿಂದಿನವರು ಗಲಿಬಿಲಿಗೊಂಡು ನಿಂತರು. ಆಗ ಮಾಟ್ಸುಮೊಟೊ ಎದ್ದು ನಿಂತು, ಜಪಾನಿ ಅಧಿಕಾರಿಯ ದನಿಯಲ್ಲಿ, ಜಪಾನಿ ಭಾಷೆಯಲ್ಲೇ "ಮುನ್ನುಗ್ಗಿ" ಎಂದು ಕೂಗಿದರು. ಅವರು ನುಗ್ಗಿದರು. ಆ ಪಡೆಯಲ್ಲಿ ಹೀಗೆ 14 ಜನ ಜಪಾನಿ ಮೂಲದ ಅಮೆರಿಕನ್ನರಿದ್ದರು. ದೇಶ ಅವರ ಮುಖ ನೋಡಿ ಅನುಮಾನಪಟ್ಟಿತ್ತು, ಆದರೆ ಪಡೆಯ ಗುರುತು ಅವರದ್ದೂ ಅದೇ.

ಮೇ 17ರಂದು ಅವರು ಉತ್ತರ ಬರ್ಮಾದ ಊರಾದ ಮಿಚಿನಾದ ವಿಮಾನ ನಿಲ್ದಾಣ ಹಿಡಿದರು. ಊರು ಬೀಳಲು ಆಗಸ್ಟ್ 3 ಆಯಿತು. ಆಮಶಂಕೆ, ಮಲೇರಿಯಾ, ಟೈಫಸ್ ಜ್ವರ. ಗುಂಡಿಗಿಂತ ಕಾಯಿಲೆಗೆ ಬಿದ್ದವರೇ ಜಾಸ್ತಿ. 3,000 ಜನರಲ್ಲಿ ಕೊನೆಗೆ ಕಾದಲು ನಿಂತವರು ಕೆಲವೇ ನೂರು.

ಪಡೆಗೆ ಮೆರಿಲ್ ಹೆಸರು ಬಂತು, ಸರಿ. ಆದರೆ ಮೆರಿಲ್‌ಗೆ ನಡುವೆ ಹೃದಯಾಘಾತ ಆಗಿತ್ತು. ಕಾಡಿನಲ್ಲಿ ಹೆಚ್ಚು ದಿನ ಪಡೆಯನ್ನು ನಡೆಸಿದ್ದು ಅವರ ಕೆಳಗಿನ ಕರ್ನಲ್ ಚಾರ್ಲ್ಸ್ ಹಂಟರ್. ಸೈನಿಕರ ಸ್ಥಿತಿ ಕಂಡು ಹಂಟರ್ ಸುಮ್ಮನಿರಲಿಲ್ಲ. ಸ್ಟಿಲ್ವೆಲ್‌ಗೆ ನೇರವಾಗಿ ದೂರು ಬರೆದು ಕೊಟ್ಟರು. ಮಿಚಿನಾ ಗೆದ್ದ ದಿನವೇ ಹಂಟರ್‌ರನ್ನು ಹುದ್ದೆಯಿಂದ ಇಳಿಸಿದರು. ಒಂದು ವಾರದಲ್ಲಿ ಪಡೆಯನ್ನೇ ವಿಸರ್ಜಿಸಿದರು. ಕಾಡಿನಲ್ಲಿ ನಡೆದ ಸ್ಟಿಲ್ವೆಲ್ ಬಗ್ಗೆ ನನಗೆ ಗೌರವ ಇದೆ. ಮಿಚಿನಾದ ಸ್ಟಿಲ್ವೆಲ್ ಬಗ್ಗೆ ಆ ಗೌರವ ಉಳಿದಿಲ್ಲ. ಕಮಾಂಡರ್ ಯಾರು ಎಂದು ಕೇಳುವವರಿಗೆ ನಾನು ಮೆರಿಲ್ ಜೊತೆಗೆ ಹಂಟರ್ ಹೆಸರನ್ನೂ ತಪ್ಪದೆ ಹೇಳುತ್ತೇನೆ.

ಅವರ ಗುರುತು ಮಾತ್ರ ಸಾಯಲಿಲ್ಲ. ಇವತ್ತು ಅಮೆರಿಕದ 75ನೇ ರೇಂಜರ್ ರೆಜಿಮೆಂಟಿನ ಲೋಹದ ಬಿಲ್ಲೆಯಲ್ಲಿ ಅದೇ ಗುರಾಣಿ, ಸೂರ್ಯ, ನಕ್ಷತ್ರ, ಸಿಡಿಲು ಇದೆ. 2020ರಲ್ಲಿ ಮರಾಡರ್ಸ್‌ಗೆ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಕೊಡುವ ಕಾನೂನು ಆಯಿತು.

ಇಷ್ಟು ಚಿತ್ರವಿಚಿತ್ರ ಪ್ಯಾಚ್‌ಗಳ ಅಭ್ಯಾಸ ಎಲ್ಲಿಂದ ಬಂತು ಎನ್ನುತ್ತೀರಾ? ಮೊದಲನೇ ಮಹಾಯುದ್ಧದಿಂದ. 1918ರಲ್ಲಿ 81ನೇ ಡಿವಿಷನ್ ಫ್ರಾನ್ಸಿಗೆ ಹೊರಟಾಗ ಸೈನಿಕರ ತೋಳಿನ ಮೇಲೆ ಕಾಡುಬೆಕ್ಕಿನ ಚಿತ್ರ ಇತ್ತು. ದಕ್ಷಿಣ ಕ್ಯಾರೊಲಿನಾದ ಅವರ ಶಿಬಿರದ ಪಕ್ಕದ ಹಳ್ಳದ ಹೆಸರು ವೈಲ್ಡ್‌ಕ್ಯಾಟ್. ಅಲ್ಲಿಂದ ಬಂದ ಬೆಕ್ಕು. ಬೇರೆ ಡಿವಿಷನ್ನಿನವರು ಇದಕ್ಕೆ ತಕರಾರು ತೆಗೆದರು. ದೂರು ಮುಖ್ಯ ಸೇನಾಪತಿ ಪರ್ಶಿಂಗ್‌ವರೆಗೆ ಹೋಯಿತು. ಆದರೆ ಪರ್ಶಿಂಗ್ ಬೆಕ್ಕನ್ನು ತೆಗೆಸಲಿಲ್ಲ. 1918ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟು, ಉಳಿದ ಡಿವಿಷನ್ನುಗಳೂ ತಮ್ಮ ತಮ್ಮ ಗುರುತು ಮಾಡಿಕೊಳ್ಳಲಿ ಎಂದರು. ಅಂದಿನಿಂದ ಇದು ನಿಂತಿಲ್ಲ. ಈಗ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ. ಅದರ ಒಪ್ಪಿಗೆ ಇಲ್ಲದೆ ಹೊಸ ಪ್ಯಾಚ್ ಇಲ್ಲ.

ಅವುಗಳಲ್ಲಿ ಒಂದೊಂದೂ ಒಂದೊಂದು ಒಗಟು. 4ನೇ ಡಿವಿಷನ್ ಪ್ಯಾಚಿನಲ್ಲಿ ನಾಲ್ಕು ಹಸಿರು ಎಲೆ. ರೋಮನ್ ಲಿಪಿಯಲ್ಲಿ ನಾಲ್ಕು ಬರೆಯುವುದು 'ಐ' ಮತ್ತು 'ವಿ' ಅಕ್ಷರ ಸೇರಿಸಿ. ಕೂಡಿಸಿ ಓದಿದರೆ ಐವಿ, ಅದು ಒಂದು ಬಳ್ಳಿಯ ಹೆಸರು. 82ನೇ ಡಿವಿಷನ್ನಿನದ್ದು ಎರಡು ಇಂಗ್ಲಿಷ್ 'ಎ'. ಆಗಿನ 48 ರಾಜ್ಯಗಳಿಂದಲೂ ಅದರಲ್ಲಿ ಸೈನಿಕರಿದ್ದರು, ಅದಕ್ಕೆ 'ಆಲ್ ಅಮೆರಿಕನ್'. 101ನೇ ಡಿವಿಷನ್ನಿನ ಕಿರುಚುವ ಹದ್ದು ನಿಜವಾದ ಹದ್ದೇ. ಅಮೆರಿಕದ ಅಂತರ್ಯುದ್ಧದಲ್ಲಿ ವಿಸ್ಕಾನ್ಸಿನ್ನಿನ ಒಂದು ರೆಜಿಮೆಂಟ್ 'ಓಲ್ಡ್ ಏಬ್' ಎಂಬ ಸಾಕುಹದ್ದನ್ನು ರಣರಂಗಕ್ಕೇ ಕರೆದೊಯ್ಯುತ್ತಿತ್ತು. ಅದರ ನೆನಪು. ಎರಡನೇ ಮಹಾಯುದ್ಧದಲ್ಲಿ ಇದೇ ಡಿವಿಷನ್ನಿನವರು ಒಳಗಿನ ರೆಜಿಮೆಂಟುಗಳನ್ನು ಗುರುತಿಸಲು ಹೆಲ್ಮೆಟ್ ಮೇಲೆ ಎಲೆಯಾಟದ ಚಿಹ್ನೆ ಬರೆದರು. 506ಕ್ಕೆ ಇಸ್ಪೀಟು, 502ಕ್ಕೆ ಆಟಿನ್, 501ಕ್ಕೆ ಡೈಮಂಡ್, 327ಕ್ಕೆ ಕಳಾವರ್. ಕತ್ತಲಲ್ಲಿ ಪ್ಯಾರಾಶೂಟಿನಿಂದ ಚದುರಿ ಬಿದ್ದವರಿಗೆ ತಮ್ಮವರು ಯಾರೆಂದು ಬೇಗ ತಿಳಿಯಬೇಕಲ್ಲ.

ನಮ್ಮವರಿಗೆ ತೀರ ಹತ್ತಿರ ಬರುವುದು 45ನೇ ಡಿವಿಷನ್. ಒಕ್ಲಹೋಮಾ, ಕೊಲೊರಾಡೊ, ಅರಿಜೋನಾ, ನ್ಯೂ ಮೆಕ್ಸಿಕೊ ಈ ನಾಲ್ಕು ರಾಜ್ಯದವರದ್ದು. ಅವರ ಮೊದಲ ಪ್ಯಾಚ್ ಏನು ಗೊತ್ತಾ? ಕೆಂಪು ಚೌಕದಲ್ಲಿ ಹಳದಿ ಸ್ವಸ್ತಿಕ. ಆ ಸೀಮೆಯ ಮೂಲನಿವಾಸಿಗಳಿಗೆ ಅದು ಶುಭದ ಗುರುತು, ನಮ್ಮ ಹೊಸ್ತಿಲ ಮೇಲಿನ ರಂಗೋಲಿಯ ಹಾಗೆ. 1920ರ ದಶಕದಿಂದ ಅದನ್ನೇ ಹಾಕುತ್ತಿದ್ದರು. ಹಿಟ್ಲರ್ ಅದೇ ಆಕಾರವನ್ನು ಬಾವುಟಕ್ಕೆ ಏರಿಸಿದ ಮೇಲೆ ಹಾಕಲು ಆಗಲಿಲ್ಲ. 1939ರಲ್ಲಿ ಕೆಂಪು ಚೌಕ ಉಳಿಸಿಕೊಂಡು ಒಳಗೆ ಹಳದಿ ಗುಡುಗು ಹಕ್ಕಿ ಇಟ್ಟರು. ಅದೂ ಮೂಲನಿವಾಸಿಗಳದ್ದೇ. 1945ರ ಏಪ್ರಿಲ್ 29ರಂದು ಆ ಹಕ್ಕಿಯನ್ನು ತೋಳಿನ ಮೇಲೆ ಹೊತ್ತವರು ಜರ್ಮನಿಯ ಡಾಖಾವ್ ಯಾತನಾ ಶಿಬಿರದ ಒಳಗೆ ಕಾಲಿಟ್ಟರು. ಆಗ ಅವರ ಕಮಾಂಡರ್ ರಾಬರ್ಟ್ ಫ್ರೆಡರಿಕ್. ಬದುಕುಳಿದ ಕೈದಿಗಳು ಅಂದು ಅವರ ತೋಳಿನ ಮೇಲೆ ಹಳೆಯ ಗುರುತನ್ನೇ ಕಂಡಿದ್ದರೆ ಏನು ಅಂದುಕೊಳ್ಳುತ್ತಿದ್ದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಶುಭದ ಗುರುತನ್ನು ಬೇರೆಯವರು ಕೆಡಿಸಿದ್ದಕ್ಕೆ ತಾವು ಬಿಡಬೇಕಾಯಿತಲ್ಲ ಎಂಬ ನೋವು ಆ ಬುಡಕಟ್ಟಿನವರಿಗೆ ಇದ್ದಿರಲೇಬೇಕು. ಅದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ಯಾಚ್ ನಂಬುವ ಮೊದಲು ಇದೂ ಗೊತ್ತಿರಲಿ. ಯುದ್ಧದಲ್ಲಿ ಪ್ಯಾಚೇ ಒಂದು ಅಸ್ತ್ರವಾಗಿತ್ತು. 1944ರಲ್ಲಿ ಅಮೆರಿಕದ ಸುಮಾರು 1,100 ಜನರ ಒಂದು ಗುಪ್ತ ಪಡೆ ಇತ್ತು. ಗಾಳಿ ತುಂಬಿದ ರಬ್ಬರ್ ಟ್ಯಾಂಕ್ ನಿಲ್ಲಿಸುವುದು, ಲೌಡ್‌ಸ್ಪೀಕರಿನಲ್ಲಿ ಟ್ಯಾಂಕಿನ ಸದ್ದು ಮಾಡುವುದು ಅವರ ಕೆಲಸ. ಬೇರೆ ಡಿವಿಷನ್ನಿನ ಪ್ಯಾಚ್ ಹೊಲಿದುಕೊಂಡು ಊರೊಳಗೆ ಓಡಾಡುತ್ತಿದ್ದರು, ಶತ್ರುವಿನ ಗೂಢಚಾರರು ನೋಡಲಿ ಎಂದು. ಇರದೇ ಇದ್ದ ಸೇನೆಗಳಿಗೂ ಪ್ಯಾಚ್ ತಯಾರಾದವು. ಜನರಲ್ ಪ್ಯಾಟನ್ ಮುಖ್ಯಸ್ಥರೆಂದು ತೋರಿಸಿದ ಸೇನಾಗುಂಪು ಬರೀ ಕಾಗದದ ಮೇಲಿತ್ತು.

ಈಗ ನಿಮ್ಮ ಪ್ಯಾಚನ್ನು ಕೈಗೆ ತೆಗೆದುಕೊಂಡು ನೋಡಿ. ಹಿಂಭಾಗ ತಿರುಗಿಸಿ. ಯಂತ್ರದಲ್ಲಿ ಹೊಲಿದ ಹತ್ತಿ ದಾರದ ಕಸೂತಿ ಇದ್ದು, ಹಿಂದೆ ಬಿಳಿ ದಾರ ಒತ್ತಾಗಿ ಕಾಣುತ್ತಿದ್ದರೆ, ಅಂಚನ್ನು ಸುಮ್ನೆ ಕತ್ತರಿಸಿ ಬಿಟ್ಟಂತಿದ್ದರೆ, ಅದು ಅಮೆರಿಕದಲ್ಲೇ ಆದದ್ದು. ಅಂಚಿನ ಸುತ್ತ ದಪ್ಪ ದಾರದ ಹಗ್ಗದಂಥ ಹೊಲಿಗೆ ಇದ್ದರೆ ಅನುಮಾನಪಡಿ. ಆ ಬಗೆಯ ಅಂಚು ಅಮೆರಿಕದ ಪ್ಯಾಚ್‌ಗಳಲ್ಲಿ ಸಾಮಾನ್ಯವಾದದ್ದು 1960ರ ದಶಕದಲ್ಲಿ.

ಮೂರನೆಯ ಸಾಧ್ಯತೆ ಇದೆ, ಅದು ಆಗಿರಲಿ ಎಂದೇ ನನ್ನ ಆಸೆ. ಸಿಬಿಐ ಪ್ಯಾಚ್‌ಗಳಲ್ಲಿ ಎಷ್ಟೋ ನಮ್ಮ ದೇಶದ ದರ್ಜಿಗಳ ಕೈಯಲ್ಲಿ ಆದವು. ಅಮೆರಿಕದಿಂದ ಪ್ಯಾಚ್ ಬರುವವರೆಗೆ ಕಾಯದೆ ಸೈನಿಕರು ಪೇಟೆಗೆ ಹೋಗಿ ಚಿತ್ರ ತೋರಿಸಿ ಹೊಲಿಸಿಕೊಂಡರು. ರೇಷ್ಮೆ, ಉಣ್ಣೆ, ಚರ್ಮ, ಜರಿ, ಯಾವುದು ಸಿಕ್ಕಿತೋ ಅದರಲ್ಲಿ. ಜರಿ ತಂತಿಯಲ್ಲಿ ಮಾಡಿದ ಸಿಬಿಐ ಪ್ಯಾಚ್ ಒಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸೂರ್ಯನ ಕಿರಣಗಳು ಒಂದರಂತೆ ಇನ್ನೊಂದಿರಲಿಲ್ಲ. ಒಂದು ಚೂರು ಗಿಡ್ಡ, ಒಂದು ವಾಲಿದೆ. ತಂತಿ ಕಪ್ಪಿಟ್ಟಿತ್ತು. ಆದರೆ ನಕ್ಷತ್ರದ ಐದು ಮೂಲೆಯೂ ಅಚ್ಚುಕಟ್ಟು. ಮದುವೆ ರವಿಕೆಗೆ ಜರಿ ಹೊಲಿದು ಪಳಗಿದ ಕೈ ಅದು ಎನಿಸಿತು. ಇಂಥವಕ್ಕೆ ಸಂಗ್ರಹಕಾರರಲ್ಲಿ ಯಂತ್ರದ ಪ್ಯಾಚಿಗಿಂತ ಬೇಡಿಕೆ ಜಾಸ್ತಿ. ಬೇಡಿಕೆ ಇರುವುದರಿಂದ ನಕಲಿಯೂ ಜಾಸ್ತಿ.

ತೊಳೆಯಬೇಡಿ ಎಂದದ್ದು ಇದಕ್ಕೇ. ಅಂಗಡಿಯಲ್ಲಿ ನೋಟು ಪರೀಕ್ಷೆಗೆ ಇಡುವ ನೀಲಿ ದೀಪ ಇದೆಯಲ್ಲ, ಅದನ್ನು ಕತ್ತಲೆ ಕೋಣೆಯಲ್ಲಿ ಪ್ಯಾಚಿನ ಮೇಲೆ ಹಿಡಿಯಿರಿ. 1940ರ ದಶಕದ ಹತ್ತಿ ದಾರ ಮಂಕಾಗಿ ಇರುತ್ತದೆ. ಈಚಿನ ದಾರ ಪಳಪಳ ಹೊಳೆಯುತ್ತದೆ, ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಆದರೆ ಅದೇ ರಾಸಾಯನಿಕ ಈಗಿನ ಬಟ್ಟೆ ಸೋಪಿನ ಪುಡಿಯಲ್ಲೂ ಇದೆ. ಒಮ್ಮೆ ತೊಳೆದರೆ ಅಸಲಿ ಪ್ಯಾಚೂ ಹೊಳೆಯಲು ಶುರುವಾಗುತ್ತದೆ. ಆಮೇಲೆ ಯಾರೂ ಏನೂ ಹೇಳಲಾಗದು. ಬಿಲ್ಲೆಗೂ ಪಾಲಿಶ್ ಬೇಡ. ಅದರ ಹಿಂದೆ 'ಸ್ಟರ್ಲಿಂಗ್' ಎಂದು ಅಚ್ಚಿದ್ದರೆ ನಿಜವಾದ ಬೆಳ್ಳಿ.

ಕೊನೆಯ ಪ್ರಶ್ನೆ, ಕೊಟ್ಟವರ ಹೆಸರು. ಇದು ಕಷ್ಟ. ಪ್ಯಾಚಿನಲ್ಲಿ ಹೆಸರಿರುವುದಿಲ್ಲ. ಸೇನೆಯ ಹಳೆ ಕಡತಗಳು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿವೆ. 1973ರ ಜುಲೈನಲ್ಲಿ ಅಲ್ಲಿ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಸುಟ್ಟುಹೋದವು. ನಿಮ್ಮ ಲೆಫ್ಟಿನೆಂಟ್ ಕರ್ನಲ್‌ದೂ ಅದರಲ್ಲಿ ಇದ್ದಿರಬಹುದು.

ಆದರೂ ಒಂದು ದಾರಿ ಇದೆ. ಆಗಿನ ಅಮೆರಿಕನ್ ಸೈನಿಕರು ಬಟ್ಟೆ ದೋಬಿಗೆ ಹಾಕುವಾಗ ಕಳೆದುಹೋಗದಿರಲಿ ಎಂದು ಗುರುತು ಒತ್ತುತ್ತಿದ್ದರು. ಮನೆತನದ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಸೈನಿಕ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಪ್ಯಾಚ್ ಯಾವುದಾದರೂ ಅಂಗಿಯ ತುಂಡಿಗೆ ಹೊಲಿದೇ ಇದ್ದರೆ ಆ ತುಂಡನ್ನು ನೋಡಿ. ಟ್ರಂಕಿನಲ್ಲಿ ಬೆಲ್ಟು, ಚೀಲ, ಕರವಸ್ತ್ರ ಏನೇ ಖಾಕಿ ಇದ್ದರೂ ಒಳಮೈ ನೋಡಿ. ಕತ್ತಿನಲ್ಲಿ ಹಾಕುವ ತಗಡಿನ ಬಿಲ್ಲೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಹೆಸರೇ ಇರುತ್ತದೆ. ಸಂಖ್ಯೆ 3ರಿಂದ ಶುರುವಾದರೆ ಕಡ್ಡಾಯವಾಗಿ ಸೇರಿಸಿಕೊಂಡವನು, 1ರಿಂದ ಆದರೆ ತಾನಾಗಿ ಸೇರಿದವನು. ಅಧಿಕಾರಿಯಾದರೆ ಸಂಖ್ಯೆಯ ಮೊದಲಿಗೆ ಇಂಗ್ಲಿಷಿನ 'ಓ' ಅಕ್ಷರ ಇರುತ್ತದೆ. ನಮಗೆ ಬೇಕಾದದ್ದು ಆ 'ಓ'.

ತಾತನ ಕಾರ್ಖಾನೆಯ ಗುರುತಿನ ಚೀಟಿ, ಗುಂಪು ಫೋಟೋ, ಸರ್ಟಿಫಿಕೇಟು ಇದ್ದರೆ ಅವನ್ನೂ ತೆಗೆದಿಡಿ. ಬೀಳ್ಕೊಡುವಾಗ ಕೊಡುತ್ತಿದ್ದ ಪತ್ರಗಳಲ್ಲಿ ಅಧಿಕಾರಿಯ ಸಹಿಯೂ ಹುದ್ದೆಯೂ ಸಾಮಾನ್ಯವಾಗಿ ಇರುತ್ತಿತ್ತು. ಅಂಥ ಒಂದು ಕಾಗದ ಸಿಕ್ಕರೆ ಪ್ಯಾಚಿಗಿಂತ ಹೆಚ್ಚು ಮಾತಾಡುತ್ತದೆ. ಅಜ್ಜಿ ಹೇಳಿದ್ದನ್ನು, ಅವರ ಮಾತಿನಲ್ಲೇ, ಯಾರಿಗೆ ಯಾವಾಗ ಹೇಳಿದರು ಎಂಬುದನ್ನೂ ಸೇರಿಸಿ ಬರೆದಿಡಿ. 'ಜನರಲ್' ಎಂಬ ಪದವನ್ನೂ ತಿದ್ದಬೇಡಿ.

ನನಗೆ ಪ್ಯಾಚಿನ ಹಿಂಭಾಗದ ಫೋಟೋ ಕಳಿಸಿ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಟ್ಟು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ. ದಾರ ಕಂಡರೆ ಅಮೆರಿಕದ ಯಂತ್ರದ್ದೋ ನಮ್ಮ ದರ್ಜಿಯದ್ದೋ ಹೇಳಬಲ್ಲೆ.